ಸಹಿ ಯಾರದು ಬೇಕು?

ಕಳೆದ ಮಳೆಗಾಲದ ಒಂದು ಸಂಜೆ ದವಾಖಾನೆ ಮುಚ್ಚುವ ಹೊತ್ತಿಗೆ ಒಬ್ಬ ತಾಯಿ ಬಂದಳು. ಕಂಕುಳಲ್ಲಿ ಏಳು ತಿಂಗಳ ಮಗು, ಬುರ್ಖಾದ ಅಂಚು ಹಿಡಿದುಕೊಂಡ ಮೂರು ವರ್ಷದ ಹುಡುಗ. ಬೇರೆಯವರೆಲ್ಲ ಹೋಗುವವರೆಗೂ ಮೂಲೆಯಲ್ಲಿ ಕುಳಿತಿದ್ದು, ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಆಪಾ, ಹೋದ ತಿಂಗಳು ಮುಟ್ಟು ಬಂದಿಲ್ಲ. ಬರುವ ಹಾಗೆ ಏನಾದರೂ ಕೊಡಿ."

ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಹೆಣ್ಣುಮಕ್ಕಳು ಗರ್ಭಪಾತ ಎಂಬ ಪದವನ್ನು ಬಾಯಲ್ಲಿ ಆಡುವುದಿಲ್ಲ. 'ಮುಟ್ಟು ಬರುವ ಔಷಧ' ಎಂದೇ ಕೇಳುತ್ತಾರೆ. ಮೂತ್ರ ಪರೀಕ್ಷೆ ಮಾಡಿಸಿದೆ. ಎರಡು ಗೆರೆ ಬಂತು. ಗರ್ಭಕ್ಕೆ ಸುಮಾರು ಆರು ವಾರ. ಆಕೆಯ ಎರಡೂ ಹೆರಿಗೆ ಸಿಸೇರಿಯನ್. ಹೊಟ್ಟೆಯ ಗಾಯ ಒಣಗಿ ಏಳು ತಿಂಗಳಷ್ಟೇ ಆಗಿದೆ, ರಕ್ತಹೀನತೆ ಕಣ್ಣಿನ ರೆಪ್ಪೆ ಎಳೆದರೇ ಕಾಣುತ್ತಿತ್ತು. ಗಂಡ ಗಲ್ಫ್‌ನಲ್ಲಿ. "ಇದು ನನ್ನಿಂದ ಆಗುವ ಕೆಲಸವಲ್ಲಮ್ಮ, ಕಾನೂನಿನಲ್ಲಿ ನನಗೆ ಅವಕಾಶವಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗು" ಎಂದು ಹೇಳಿ ಕಳುಹಿಸಿದೆ.

ಆಕೆ ಒಂದು ನರ್ಸಿಂಗ್ ಹೋಮ್‌ಗೆ ಹೋದಳು. ಅಲ್ಲಿ ಕೌಂಟರಿನಲ್ಲಿದ್ದವರು "ಗಂಡನನ್ನು ಕರೆದುಕೊಂಡು ಬಾ, ಸಹಿ ಬೇಕು" ಎಂದರು. ಗಂಡನಿಗೆ ಫೋನ್ ಮಾಡಿದರೆ "ಅಮ್ಮನನ್ನು ಕೇಳು" ಎಂಬ ಉತ್ತರ. ಅತ್ತೆಯನ್ನು ಕೇಳುವ ಧೈರ್ಯ ಬರಲು ಎರಡು ವಾರ ಬೇಕಾಯಿತು. ಅತ್ತೆ ಒಪ್ಪಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಮೆಡಿಕಲ್ ಸ್ಟೋರ್‌ನಿಂದ ಚೀಟಿಯಿಲ್ಲದೆ ಮಾತ್ರೆಯ ಕಿಟ್ ತರಿಸಿ ನುಂಗಿದಳು. ಅಷ್ಟರಲ್ಲಿ ಹತ್ತನೇ ವಾರ ದಾಟಿತ್ತು. ಎರಡು ದಿನ ರಕ್ತ ಹೋಗುವುದನ್ನು ಯಾರಿಗೂ ಹೇಳದೆ ಅಡುಗೆ ಮಾಡಿದಳು, ಬಟ್ಟೆ ಒಗೆದಳು. ಮೂರನೆಯ ರಾತ್ರಿ ಬಚ್ಚಲಲ್ಲಿ ಬಿದ್ದಳು. ನನಗೆ ಫೋನ್ ಬಂದಾಗ ಹನ್ನೊಂದು ಗಂಟೆ. ಹೋಗಿ ನೋಡಿದರೆ ಕೈಕಾಲು ತಣ್ಣಗೆ, ತುಟಿ ಬಿಳಿಚಿಕೊಂಡಿತ್ತು, ನಾಡಿ ಓಡುತ್ತಿತ್ತು. 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು. ಗರ್ಭಕೋಶದಲ್ಲಿ ಉಳಿದಿದ್ದ ಭಾಗವನ್ನು ತೆಗೆದು, ಎರಡು ಬಾಟಲಿ ರಕ್ತ ಕೊಟ್ಟರು. ಅಲ್ಲಾಹನ ಅನುಗ್ರಹದಿಂದ ಆಕೆ ಬದುಕಿದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಆಕೆಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ಬಿಟ್ಟೆ. ಗಂಡನ ಸಹಿ ಬೇಕಾಗಿಲ್ಲ, ಅತ್ತೆಯ ಅನುಮತಿ ಬೇಕಾಗಿಲ್ಲ, ನಿನ್ನ ಸಹಿ ಒಂದೇ ಸಾಕು ಎಂಬ ಮಾತು ಅದು. ಆ ಒಂದು ವಾಕ್ಯ ಗೊತ್ತಿದ್ದಿದ್ದರೆ ಆಕೆ ಆರನೇ ವಾರದಲ್ಲೇ ವೈದ್ಯರ ಕಣ್ಣೆದುರು ಚಿಕಿತ್ಸೆ ಪಡೆಯಬಹುದಿತ್ತು. ಆ ಮಾತನ್ನು ಈ ಪುಟಗಳ ಮೂಲಕ ಎಲ್ಲ ಸಹೋದರಿಯರಿಗೂ, ಅದಕ್ಕಿಂತ ಹೆಚ್ಚಾಗಿ ಅವರ ಮನೆಯವರಿಗೂ ಹೇಳಬೇಕೆಂದು ಕುಳಿತಿದ್ದೇನೆ.

ಕಾನೂನು ಏನು ಹೇಳುತ್ತದೆ?

ಬ್ರಿಟಿಷರ ಕಾಲದ 1860ರ ದಂಡ ಸಂಹಿತೆಯಲ್ಲಿ ಗರ್ಭಪಾತ ಅಪರಾಧ. ತಾಯಿಯ ಜೀವ ಉಳಿಸುವ ಉದ್ದೇಶ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ವಿನಾಯಿತಿ ಇರಲಿಲ್ಲ. ಕದ್ದುಮುಚ್ಚಿ ಮಾಡಿಸಿಕೊಂಡು ಹೆಂಗಸರು ಸಾಯುವುದನ್ನು ಕಂಡು 1964ರಲ್ಲಿ ಸರಕಾರ ಶಾಂತಿಲಾಲ್ ಶಾ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅದರ ಶಿಫಾರಸಿನ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಬಂತು. ಆಸ್ಪತ್ರೆಗಳಲ್ಲಿ ಇದನ್ನು ಎಂಟಿಪಿ ಕಾಯಿದೆ ಎನ್ನುತ್ತಾರೆ. 2021ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಗಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ.

ಈಗಿನ ಕಾನೂನಿನ ಸಾರ ಹೀಗಿದೆ. ಗರ್ಭಕ್ಕೆ 20 ವಾರ ತುಂಬುವವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭ ಮುಂದುವರಿದರೆ ತಾಯಿಯ ಜೀವಕ್ಕೆ ಅಪಾಯ ಅಥವಾ ಆಕೆಯ ದೇಹ, ಮನಸ್ಸಿನ ಆರೋಗ್ಯಕ್ಕೆ ತೀವ್ರ ಹಾನಿ ಇದೆ, ಇಲ್ಲವೇ ಹುಟ್ಟುವ ಮಗುವಿಗೆ ಗಂಭೀರ ನ್ಯೂನತೆ ಇರುವ ಸಾಧ್ಯತೆ ಇದೆ ಎಂದು ಆ ವೈದ್ಯರಿಗೆ ಅನ್ನಿಸಬೇಕು. ಗರ್ಭನಿರೋಧಕ ವಿಫಲವಾಗಿ ಬೇಡದ ಗರ್ಭ ನಿಂತಿದ್ದರೆ ಅದರಿಂದ ಆಗುವ ನೋವನ್ನೇ ಮಾನಸಿಕ ಹಾನಿ ಎಂದು ಪರಿಗಣಿಸಬಹುದು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಅದೂ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಅಂಗವಿಕಲರು, ಮಾನಸಿಕ ಅಸ್ವಸ್ಥರು ಇದರಲ್ಲಿ ಸೇರಿದ್ದಾರೆ. ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರೂ ಇದರಲ್ಲಿದ್ದಾರೆ. ಇದ್ದತ್ತಿನಲ್ಲಿರುವಾಗ ಗರ್ಭ ಗೊತ್ತಾಗಿ ದಿಕ್ಕು ತೋಚದೆ ಕುಳಿತ ಎಷ್ಟೋ ಹೆಣ್ಣುಮಕ್ಕಳಿಗೆ ಈ ಅಂಶ ತಿಳಿದಿಲ್ಲ. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದ ಸಂದರ್ಭದಲ್ಲಿ ಈ ವಾರಗಳ ಮಿತಿ ಅಡ್ಡಿಯಲ್ಲ.

ಇನ್ನು ಸಹಿಯ ವಿಷಯ. 18 ವರ್ಷ ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಮಹಿಳೆಯ ವಿಷಯದಲ್ಲಿ ಕಾನೂನು ಕೇಳುವುದು ಆಕೆಯ ಒಪ್ಪಿಗೆಯನ್ನು ಮಾತ್ರ. ಒಪ್ಪಿಗೆಯ ನಮೂನೆಗೆ ಫಾರಂ 'ಸಿ' ಎಂದು ಹೆಸರು. 18ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮತ್ತು ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹೆಂಡತಿ ತನ್ನನ್ನು ಕೇಳದೆ ಗರ್ಭಪಾತ ಮಾಡಿಸಿಕೊಂಡಳೆಂದು ಒಬ್ಬ ಗಂಡ ಹೂಡಿದ್ದ ಮೊಕದ್ದಮೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಆತ ಸುಪ್ರೀಂ ಕೋರ್ಟಿಗೆ ಹೋದಾಗ 2017ರಲ್ಲಿ ಅಲ್ಲಿಯೂ ಅರ್ಜಿ ವಜಾ ಆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಸ್ಪಷ್ಟವಾಗಿ ಹೇಳಿತು. ಮದುವೆಯಾದವಳು, ಆಗದವಳು ಎಂಬ ಭೇದ ಈ ಕಾನೂನಿನಲ್ಲಿ ಸಲ್ಲದು, ಕುಟುಂಬದವರ ಒಪ್ಪಿಗೆ, ಕಾನೂನಿನಲ್ಲಿಲ್ಲದ ದಾಖಲೆಗಳನ್ನು ಕೇಳಿ ವೈದ್ಯರು ಹೆಣ್ಣನ್ನು ಅಲೆದಾಡಿಸಬಾರದು ಎಂಬುದು ಆ ತೀರ್ಪಿನ ಆಶಯ. ಗಂಡನೇ ಬಲವಂತ ಮಾಡಿ ಗರ್ಭ ನಿಂತಿದ್ದರೂ ಈ ಕಾಯಿದೆಯ ಮಟ್ಟಿಗೆ ಅದನ್ನು ಅತ್ಯಾಚಾರ ಎಂದೇ ಕಾಣಬೇಕು ಎಂದೂ ಕೋರ್ಟ್ ಹೇಳಿತು. ಆ ಪೀಠದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು.

ಇನ್ನೊಂದು ವಿಷಯ ಗುಟ್ಟು. ಚಿಕಿತ್ಸೆ ಪಡೆದವಳ ಹೆಸರು, ವಿವರವನ್ನು ವೈದ್ಯರು ಕಾನೂನು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆಯವರಿಗೆ ಹೇಳುವಂತಿಲ್ಲ. ಹೇಳಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. ಊರೆಲ್ಲ ಗೊತ್ತಾಗುತ್ತದೆ ಎಂಬ ಭಯದಿಂದ ಮೆಡಿಕಲ್ ಸ್ಟೋರಿನ ಹುಡುಗನ ಬಳಿ ಹೋಗುವವರು ಇದನ್ನು ಯೋಚಿಸಬೇಕು. ಬಾಯಿ ಮುಚ್ಚಿಕೊಂಡಿರಬೇಕೆಂಬ ಕಾನೂನು ವೈದ್ಯರಿಗಿದೆ, ಆ ಹುಡುಗನಿಗಿಲ್ಲ.

ಹಾಗೆಂದು ಹಕ್ಕು ಪೂರ್ತಿ ಹೆಣ್ಣಿನ ಕೈಗೆ ಬಂದಿದೆ ಎಂದು ನಾನು ಹೇಳುವುದಿಲ್ಲ. ಒಪ್ಪಿಗೆ ಆಕೆಯದಾದರೂ ತೀರ್ಮಾನದ ಕೀಲಿಕೈ ವೈದ್ಯರ ಅಭಿಪ್ರಾಯದಲ್ಲಿದೆ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಹಾಲೂಡಿಸುತ್ತಿದ್ದುದರಿಂದ ಮುಟ್ಟು ಬರುತ್ತಿರಲಿಲ್ಲ, ಗರ್ಭ ನಿಂತದ್ದೇ ಅವರಿಗೆ ತಿಳಿದಿರಲಿಲ್ಲ. ಹೆರಿಗೆಯ ನಂತರದ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದರು. ಗೊತ್ತಾಗುವ ಹೊತ್ತಿಗೆ 24 ವಾರ ದಾಟಿತ್ತು, ಕೋರ್ಟ್ ತೀರ್ಮಾನಿಸುವಾಗ 26 ವಾರ ಮೀರಿತ್ತು. ಅನುಮತಿ ಸಿಗಲಿಲ್ಲ. ಮಗುವಿಗೆ ಹಾಲು ಕೊಡುತ್ತಿರುವವರೆಗೆ ಗರ್ಭ ನಿಲ್ಲುವುದಿಲ್ಲ ಎಂದು ನಂಬಿ ಕುಳಿತಿರುವ ತಾಯಂದಿರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆ ನಂಬಿಕೆ ಅರ್ಧ ಮಾತ್ರ ನಿಜ. ಮೊದಲ ಆರು ತಿಂಗಳು, ಹಗಲು ರಾತ್ರಿ ತಾಯಿಯ ಹಾಲು ಬಿಟ್ಟು ಬೇರೇನೂ ಕೊಡದಿದ್ದರೆ, ಮುಟ್ಟೂ ಬಾರದಿದ್ದರೆ ಮಾತ್ರ ಅದನ್ನು ನಂಬಬಹುದು.

ಯುನಾನಿಯಲ್ಲಿ ಔಷಧ ಇಲ್ಲವೇ?

ಇದೆ ಎಂದೇ ಜನ ನಮ್ಮಲ್ಲಿಗೆ ಬರುತ್ತಾರೆ. ಮುಟ್ಟನ್ನು ತರುವ ಔಷಧಗಳನ್ನು ನಮ್ಮ ಗ್ರಂಥಗಳು ಮುದಿರ್ರೆ ಹೈಝ್ ಎನ್ನುತ್ತವೆ. ಭ್ರೂಣವನ್ನು ಬೀಳಿಸುವಂಥವನ್ನು ಮುಸ್ಖಿತೆ ಜನೀನ್ ಎನ್ನುತ್ತವೆ. ಇಬ್ನು ಸೀನಾ ತಮ್ಮ ಅಲ್ ಖಾನೂನ್ ಗ್ರಂಥದಲ್ಲಿ, ತೀರ ಚಿಕ್ಕ ವಯಸ್ಸಿನ ಹೆಣ್ಣಿಗೆ ಹೆರಿಗೆಯಲ್ಲಿ ಪ್ರಾಣಾಪಾಯ ಇರುವಾಗ, ಗರ್ಭಕೋಶದ ರೋಗವಿರುವಾಗ ಗರ್ಭ ತೆಗೆಯಬೇಕಾಗಬಹುದು ಎಂದು ಚರ್ಚಿಸಿದ್ದಾರೆ. ಸಾವಿರ ವರ್ಷಗಳ ಹಿಂದೆಯೇ ನಮ್ಮ ವೈದ್ಯರು ತಾಯಿಯ ಜೀವವನ್ನು ಮುಂದಿಟ್ಟು ಯೋಚಿಸಿದ್ದರು ಎಂಬ ಹೆಮ್ಮೆ ನನಗಿದೆ. ಆದರೆ ಅವರ ಕಾಲದಲ್ಲಿ ಸ್ಕ್ಯಾನಿಂಗ್ ಇರಲಿಲ್ಲ, ರಕ್ತನಿಧಿ ಇರಲಿಲ್ಲ. ಇದ್ದಿದ್ದರೆ ಅವರು ರೋಗಿಯನ್ನು ಅಲ್ಲಿಗೇ ಕಳುಹಿಸುತ್ತಿದ್ದರು.

ಮುಟ್ಟು ತಡವಾದಾಗ ಕೊಡುವ ನಮ್ಮ ಔಷಧವನ್ನು ಗರ್ಭ ಇಲ್ಲವೆಂದು ಖಚಿತವಾದ ಮೇಲೆಯೇ ಕೊಡಬೇಕು. ಗರ್ಭ ನಿಂತ ಮೇಲೆ ಅದರಿಂದ ನಂಬಿಕೆಯ ಫಲ ಸಿಗುವುದಿಲ್ಲ. ಭ್ರೂಣ ಬೀಳುವಷ್ಟು ಪ್ರಮಾಣ ಕೊಟ್ಟರೆ ತಾಯಿಯ ಯಕೃತ್ತು, ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಕಡಿಮೆ ಕೊಟ್ಟರೆ ಗರ್ಭ ಹಾಗೇ ಉಳಿಯುತ್ತದೆ, ಅಮೂಲ್ಯವಾದ ಮೂರು ನಾಲ್ಕು ವಾರ ಕಷಾಯ ಕುಡಿಯುವುದರಲ್ಲೇ ಕಳೆದುಹೋಗುತ್ತದೆ. ಪಪ್ಪಾಯಿ, ಎಳ್ಳು ಬೆಲ್ಲ, ಕರಿಜೀರಿಗೆಯ ಕಷಾಯ ಎಂದು ಮನೆಯಲ್ಲಿ ಮಾಡುವ ಪ್ರಯೋಗಗಳ ಕತೆಯೂ ಇದೇ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. ಆಧುನಿಕ ವೈದ್ಯಪದ್ಧತಿಯ ಪದವಿ ಇದ್ದು, ರಾಜ್ಯ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿದ್ದು, ಸ್ತ್ರೀರೋಗ ಮತ್ತು ಪ್ರಸೂತಿಯಲ್ಲಿ ತರಬೇತಿ ಅಥವಾ ಅನುಭವ ಇರುವವರು ಮಾತ್ರ ಇದನ್ನು ಮಾಡಬಹುದು. ಬೇರೆಯವರು ಮಾಡಿದರೆ ಎರಡರಿಂದ ಏಳು ವರ್ಷದವರೆಗೆ ಕಠಿಣ ಶಿಕ್ಷೆ. 2014ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಕರಡು ಮಸೂದೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪಥಿ ವೈದ್ಯರಿಗೂ ಅವಕಾಶ ಕೊಡುವ ಪ್ರಸ್ತಾಪವಿತ್ತು. ಆಗ ನನ್ನ ಸಹಪಾಠಿಗಳಲ್ಲಿ ಕೆಲವರು ಸಂತೋಷಪಟ್ಟರು. ಅದು ಕಾನೂನಾಗಲಿಲ್ಲ, 2021ರ ತಿದ್ದುಪಡಿಯಲ್ಲೂ ಸೇರಲಿಲ್ಲ. ಮುಂದೆಂದಾದರೂ ತರಬೇತಿ ಕೊಟ್ಟು ಅವಕಾಶ ಕೊಟ್ಟರೆ ಅದು ಬೇರೆ ಮಾತು. ಇಂದು ನಮ್ಮ ಕೆಲಸ ಒಂದೇ: ಬಂದವಳನ್ನು ಬರಿಗೈಯಲ್ಲಿ ಕಳುಹಿಸದೆ, ಸರಿಯಾದ ಜಾಗಕ್ಕೆ ಪತ್ರ ಬರೆದು ಕೊಡುವುದು. ಆ ಸಂಜೆ ನಾನು ಪತ್ರವನ್ನೂ ಬರೆಯಲಿಲ್ಲ.

ಮಾತ್ರೆಯ ಕಿಟ್ ಕುರಿತು ಎರಡು ಮಾತು. ಮಿಫೆಪ್ರಿಸ್ಟೋನ್, ಮಿಸೋಪ್ರೊಸ್ಟಾಲ್ ಎಂಬ ಈ ಔಷಧಗಳು ಕೆಟ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇವೆ. ನಮ್ಮ ನಿಯಮದ ಪ್ರಕಾರ ಒಂಬತ್ತು ವಾರದವರೆಗೆ ವೈದ್ಯರು ಕೊಡಬಹುದು. ಆದರೆ ಮೊದಲು ಮೂರು ಸಂಗತಿ ತಿಳಿಯಬೇಕು. ಗರ್ಭಕ್ಕೆ ನಿಜವಾಗಿ ಎಷ್ಟು ವಾರ? ಅದು ಗರ್ಭಕೋಶದಲ್ಲೇ ಇದೆಯೋ, ನಾಳದಲ್ಲಿ ಸಿಕ್ಕಿಕೊಂಡಿದೆಯೋ? ರಕ್ತ ಎಷ್ಟಿದೆ, ರಕ್ತದ ಗುಂಪು ಯಾವುದು? ನಾಳದಲ್ಲಿ ನಿಂತ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದರೆ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಇದನ್ನು ಔಷಧದಂಗಡಿಯ ಹುಡುಗ ಹೇಗೆ ತಿಳಿದಾನು? 2015ರಲ್ಲಿ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಕಾನೂನು ಬಂದು ಐವತ್ತು ವರ್ಷ ದಾಟಿದರೂ ಹೆಣ್ಣು ಆಸ್ಪತ್ರೆಯ ಬಾಗಿಲು ತಟ್ಟಲು ಅಂಜುತ್ತಾಳೆ ಎಂದರೆ ತಪ್ಪು ಅವಳದಲ್ಲ.

ದೀನ್ ಏನು ಹೇಳುತ್ತದೆ?

ನಾನು ಮುಫ್ತಿಯಲ್ಲ, ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಆದರೆ ದವಾಖಾನೆಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿ ಕೊನೆಗೆ ಕೇಳುವ ಪ್ರಶ್ನೆ "ಇದು ಗುನಾಹ್ ಅಲ್ಲವೇ ಆಪಾ?" ಎಂಬುದೇ. ಆದ್ದರಿಂದ ವಿದ್ವಾಂಸರಿಂದ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಗರ್ಭದಲ್ಲಿರುವುದು ಅಮಾನತ್, ಅದನ್ನು ಹಗುರವಾಗಿ ಕಾಣುವಂತಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಝ್ರತ್ ಇಬ್ನು ಮಸ್ಊದ್(ರ) ವರದಿ ಮಾಡಿದ ಹದೀಸ್‌ನ ಆಧಾರದಲ್ಲಿ 120 ದಿನಗಳಿಗೆ ಭ್ರೂಣಕ್ಕೆ ರೂಹ್ ಊದಲಾಗುತ್ತದೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇನ್ನೊಂದು ವರದಿಯನ್ನು ಆಧರಿಸಿ 40 ದಿನಗಳ ಮಿತಿ ಇಡುವವರೂ ಇದ್ದಾರೆ. ರೂಹ್ ಬಂದ ಮೇಲೆ ಗರ್ಭ ತೆಗೆಯುವುದು ನಿಷಿದ್ಧ. ತಾಯಿಯ ಜೀವಕ್ಕೇ ಅಪಾಯವಿದ್ದರೆ ಮಾತ್ರ ವಿನಾಯಿತಿ ಎಂದು ಇಂದಿನ ಫಿಕ್ಹ್ ಸಮಿತಿಗಳು ಹೇಳಿವೆ. ಅದಕ್ಕೆ ಮೊದಲಿನ ಅವಧಿಯ ಬಗ್ಗೆ ಮಝ್ಹಬ್‌ಗಳಲ್ಲಿ ವ್ಯತ್ಯಾಸವಿದೆ. ಮಾಲಿಕಿಗಳು ಅತ್ಯಂತ ಬಿಗಿ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳಲ್ಲಿ ಎರಡೂ ಅಭಿಪ್ರಾಯಗಳಿವೆ. ಇಮಾಮ್ ಗಝ್ಝಾಲಿ(ರ) ಆರಂಭದ ದಿನಗಳಲ್ಲೂ ಇದನ್ನು ಒಪ್ಪಲಿಲ್ಲ. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿಗಳಲ್ಲಿ ಸಕಾರಣವಿದ್ದರೆ 120 ದಿನಗಳ ಒಳಗೆ ಅವಕಾಶವಿದೆ ಎಂದು ಹೇಳಿದವರು ಹಲವರು. ಆ ಸಕಾರಣಕ್ಕೆ ಇಬ್ನು ಆಬಿದೀನ್ ಅವರ ಗ್ರಂಥದಲ್ಲಿ ಬರುವ ಉದಾಹರಣೆಯನ್ನು ಕೇಳಿ: ಕೈಯಲ್ಲಿ ಹಾಲು ಕುಡಿಯುವ ಮಗುವಿದ್ದು, ಗರ್ಭದಿಂದಾಗಿ ಹಾಲು ಬತ್ತಿ, ಬೇರೆ ದಾದಿಯನ್ನಿಡಲು ತಂದೆಗೆ ಶಕ್ತಿಯಿಲ್ಲದ ತಾಯಿ. ಇನ್ನೂರು ವರ್ಷಗಳ ಹಿಂದೆ ಡಮಾಸ್ಕಸ್‌ನಲ್ಲಿ ಕುಳಿತ ವಿದ್ವಾಂಸರಿಗೆ ನನ್ನ ದವಾಖಾನೆಗೆ ಬಂದ ತಾಯಿಯ ಕಷ್ಟ ಗೊತ್ತಿತ್ತು. ಕೌಂಟರಿನಲ್ಲಿ ಕುಳಿತವರಿಗೆ ಗೊತ್ತಾಗಲಿಲ್ಲ.

ಬಡತನದ ಭಯಕ್ಕೆ ಮಕ್ಕಳನ್ನು ಕೊಲ್ಲುವುದನ್ನು ಕುರ್‌ಆನ್ ನಿಷೇಧಿಸಿದೆ ಎಂದು ಈ ಚರ್ಚೆ ಬಂದಾಗಲೆಲ್ಲ ಹಿರಿಯರು ನೆನಪಿಸುತ್ತಾರೆ. ಸರಿಯಾದ ಮಾತು. ಆದರೆ ಏಳು ತಿಂಗಳ ಹಿಂದೆ ಹೊಟ್ಟೆ ಕೊಯ್ದ ತಾಯಿಯ ಗರ್ಭಕೋಶ ಒಡೆಯಬಹುದೆಂಬ ಭಯ ಬಡತನದ ಭಯವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಒಪ್ಪಿಗೆಯ ವಿಷಯದಲ್ಲಿ ನಮ್ಮ ಹಿರಿಯ ವಿದ್ವಾಂಸರು ಏನು ಹೇಳಿದ್ದಾರೆಂದು ನೋಡಿ. ಸಹಾಬಿಗಳ ಕಾಲದಲ್ಲಿ ಗರ್ಭ ನಿಲ್ಲದಂತೆ ಅಝ್ಲ್ ಎಂಬ ಕ್ರಮವಿತ್ತು. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕು, ಏಕೆಂದರೆ ಸುಖದಲ್ಲೂ ಸಂತಾನದಲ್ಲೂ ಅವಳಿಗೆ ಹಕ್ಕಿದೆ ಎಂದು ಬಹುಪಾಲು ಫುಖಹಾಗಳು ಹೇಳಿದರು. ಗರ್ಭ ನಿಲ್ಲುವ ಮೊದಲೇ ಅವಳನ್ನು ಕೇಳಬೇಕೆಂದ ಪರಂಪರೆ ನಮ್ಮದು. ಅವಳ ಒಡಲಿನ ವಿಷಯದಲ್ಲಿ ಅವಳೊಬ್ಬಳನ್ನು ಬಿಟ್ಟು ಮನೆಯವರನ್ನೆಲ್ಲ ಕೇಳುವ ರೂಢಿ ನಮಗೆ ಎಲ್ಲಿಂದ ಬಂತು?

ಒಂದು ಲೆಕ್ಕವನ್ನೂ ತಿಳಿದಿರಿ. ಆಸ್ಪತ್ರೆಯಲ್ಲಿ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಗರ್ಭ ನಿಲ್ಲುವುದು ಅದರ ಸುಮಾರು ಎರಡು ವಾರಗಳ ನಂತರ. ಹೀಗಾಗಿ ಗರ್ಭ ನಿಂತ 120 ದಿನ ಎಂದರೆ ಆಸ್ಪತ್ರೆಯ ಲೆಕ್ಕದಲ್ಲಿ 19 ವಾರ, 40 ದಿನ ಎಂದರೆ ಸುಮಾರು ಏಳೂವರೆ ವಾರ. ಕಾನೂನಿನ 20 ವಾರದ ಗಡಿ, ವಿದ್ವಾಂಸರ 120 ದಿನದ ಗಡಿ ಹೆಚ್ಚುಕಡಿಮೆ ಪಕ್ಕಪಕ್ಕದಲ್ಲೇ ಇವೆ. ಮೌಲವಿಗಳನ್ನು ಕೇಳಲು ಹೋಗುವವರು ಸ್ಕ್ಯಾನಿಂಗ್ ವರದಿ ಹಿಡಿದುಕೊಂಡು ಹೋಗಿ, ಈ ಎರಡು ವಾರದ ವ್ಯತ್ಯಾಸವನ್ನು ಹೇಳಿ. ಭ್ರೂಣದ ದೋಷ ಪತ್ತೆಹಚ್ಚುವ ದೊಡ್ಡ ಸ್ಕ್ಯಾನಿಂಗನ್ನು 18ನೇ ವಾರದಲ್ಲೇ ಮಾಡಿಸಿಕೊಳ್ಳಿ, 22ರವರೆಗೆ ಎಳೆಯಬೇಡಿ.

ಒತ್ತಾಯ ಎರಡೂ ಕಡೆಯಿಂದ

ಹೆಣ್ಣಿನ ಆಯ್ಕೆ ಎಂದ ಕೂಡಲೇ ಗರ್ಭ ತೆಗೆಸುವ ಆಯ್ಕೆ ಎಂದಷ್ಟೇ ಜನ ತಿಳಿಯುತ್ತಾರೆ. ಉಳಿಸಿಕೊಳ್ಳುವ ಆಯ್ಕೆಯೂ ಅವಳದೇ. "ಎರಡು ಹೆಣ್ಣಾಯಿತು, ಮೂರನೆಯದು ಬೇಡ" ಎಂದು ಅಳುವ ಸೊಸೆಯನ್ನು ಎಳೆದುಕೊಂಡು ಬಂದವರನ್ನೂ ನಾನು ಕಂಡಿದ್ದೇನೆ. ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಂ ಪ್ರಕಾರ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಭ್ರೂಣದ ಲಿಂಗ ತಿಳಿಯುವುದನ್ನು 1994ರ ಕಾಯಿದೆ ನಿಷೇಧಿಸಿದೆ. ಅದನ್ನು ಕೇಳಿಕೊಂಡು ಹೋದವರಿಗೂ ಮೂರು ವರ್ಷದವರೆಗೆ ಸೆರೆವಾಸವಿದೆ. ಆ ಕಾಯಿದೆ ಒತ್ತಾಯಕ್ಕೆ ಒಳಗಾದ ಹೆಣ್ಣನ್ನು ಶಿಕ್ಷಿಸುವುದಿಲ್ಲ. ಗಂಡ, ನೆಂಟರು ಒತ್ತಾಯಿಸಿದ್ದಾರೆಂದೇ ಮೊದಲು ಭಾವಿಸುತ್ತದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಬಯಲಾದುದನ್ನು ನೀವೂ ಓದಿರುತ್ತೀರಿ. ಬೆಲ್ಲ ಬೇಯಿಸುವ ಜಾಗದಲ್ಲಿ ಹೆಣ್ಣುಮಕ್ಕಳ ಹಣೆಬರಹ ಬರೆಯುತ್ತಿದ್ದರು. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು ಅಂತ್ಯದಿನ ವಿಚಾರಿಸಲಾಗುವುದೆಂದು ಎಚ್ಚರಿಸಿದ ಗ್ರಂಥವನ್ನು ಮನೆಯಲ್ಲಿಟ್ಟುಕೊಂಡವರು ಇಂಥ ಸಾಲಿನಲ್ಲಿ ನಿಲ್ಲಬಾರದು.

ಬೇಡದ ಗರ್ಭವನ್ನು ಹೊರು ಎನ್ನುವ ಅತ್ತೆಗೂ, ಬೇಕಾದ ಗರ್ಭವನ್ನು ತೆಗೆಸು ಎನ್ನುವ ಅತ್ತೆಗೂ ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಬೇರೆಯವಳ ಒಡಲಿಗೆ ತಾವು ಸಹಿ ಹಾಕಲು ಹೊರಟವರು.

ಸಹೋದರಿಯರಿಗೆ ಕೆಲವು ಮಾತು

ಮುಟ್ಟು ಒಂದು ವಾರ ತಡವಾದರೆ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರಲ್ಲಿ ಕೇಳಿದರೆ ಪರೀಕ್ಷೆಯ ಪಟ್ಟಿ ಸಿಗುತ್ತದೆ. ಗರ್ಭ ಖಚಿತವಾಗಿ ಮನಸ್ಸು ಡೋಲಾಯಮಾನವಾಗಿದ್ದರೆ ತಡಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಸರಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಿ. ಕಂಡ ಮಾತ್ರಕ್ಕೆ ತೆಗೆಸಲೇಬೇಕೆಂದಿಲ್ಲ. ವಾರ ಎಷ್ಟಾಗಿದೆ, ನಿಮ್ಮ ದೇಹ ತಡೆಯುತ್ತದೆಯೇ ಎಂದು ತಿಳಿದರೆ ತೀರ್ಮಾನ ಸುಲಭವಾಗುತ್ತದೆ. ಖಾಸಗಿ ಆಸ್ಪತ್ರೆಯಾದರೆ ಇದಕ್ಕೆ ಸರಕಾರದ ಅನುಮೋದನೆ ಇದೆಯೇ ಎಂದು ಕೇಳಿ. ಗಂಡನೊಂದಿಗೆ ಮಾತಾಡಿ ತೀರ್ಮಾನಿಸುವುದು ಒಳ್ಳೆಯದೇ, ಸಂಸಾರ ನಡೆಯುವುದೇ ಹಾಗೆ. ಆದರೆ ಆಸ್ಪತ್ರೆಯವರು ಗಂಡನ ಸಹಿಯೇ ಬೇಕೆಂದರೆ "ಕಾನೂನಿನಲ್ಲಿ ನನ್ನ ಒಪ್ಪಿಗೆ ಸಾಕು, ಅಲ್ಲವೇ?" ಎಂದು ಮೆಲ್ಲಗೆ ಕೇಳಿ. ಒಪ್ಪದಿದ್ದರೆ ವೈದ್ಯಾಧಿಕಾರಿಯನ್ನು ಕಾಣಿ.

ಗರ್ಭ ಇಳಿದ ಮೇಲೆ ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೋಯುವಷ್ಟು ರಕ್ತ ಹೋದರೆ, ಜ್ವರ, ದುರ್ವಾಸನೆಯ ಸ್ರಾವ, ತಡೆಯಲಾರದ ಹೊಟ್ಟೆನೋವು, ಭುಜನೋವು, ತಲೆಸುತ್ತು ಇದ್ದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಾತ್ರೆ ನುಂಗಿದ್ದರೆ ವೈದ್ಯರಿಗೆ ನಿಜ ಹೇಳಿ. ಒಳಗೆ ತೊಳೆಯುವುದು, ಬಟ್ಟೆ ತುರುಕುವುದು ಬೇಡ. ಸ್ವಚ್ಛ ಪ್ಯಾಡ್ ಬಳಸಿ, ನಾಲ್ಕಾರು ಗಂಟೆಗೊಮ್ಮೆ ಬದಲಿಸಿ. ರಕ್ತ ನಿಲ್ಲುವವರೆಗೆ ದಾಂಪತ್ಯ ಬೇಡ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯ ಜೊತೆ ಖರ್ಜೂರ, ಒಣದ್ರಾಕ್ಷಿ, ನುಗ್ಗೆ ಸೊಪ್ಪು, ರಾಗಿ, ಮೊಟ್ಟೆ, ಮಾಂಸ ತಿನ್ನಿ. ದೇಹ ಚೇತರಿಸಿಕೊಳ್ಳುವ ಈ ಹಂತದಲ್ಲಿ ಯುನಾನಿ ವೈದ್ಯರ ಬಳಿ ಧಾರಾಳವಾಗಿ ಬನ್ನಿ, ಅದು ನಮ್ಮ ಕೆಲಸ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಸಂಕಟ ಮತ್ತೆ ಬಾರದಂತೆ ನೋಡಿಕೊಳ್ಳಿ. ಗರ್ಭ ಇಳಿದ ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲುವ ಸಾಧ್ಯತೆಯಿದೆ. ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದು, ನಿರೋಧ್ ಇವೆಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇವು ಗರ್ಭ ನಿಲ್ಲದಂತೆ ತಡೆಯುವ ತಾತ್ಕಾಲಿಕ ಕ್ರಮಗಳು. ಅಝ್ಲ್‌ಗೆ ಅವಕಾಶವಿದ್ದ ಆಧಾರದ ಮೇಲೆ ಇಂಥವನ್ನು ಒಪ್ಪಿದ ವಿದ್ವಾಂಸರು ಅನೇಕರಿದ್ದಾರೆ.

ಕೊನೆಗೆ ಉಳಿದವರಿಗೂ ಒಂದೊಂದು ವಿನಂತಿ. ಇಮಾಮ್ ಸಾಹೇಬರೇ, ಯಾರಾದರೂ ಈ ಪ್ರಶ್ನೆ ಹೊತ್ತು ಬಂದರೆ ಉತ್ತರ ಕೊಡುವ ಮೊದಲು ವೈದ್ಯರ ವರದಿ ಕೇಳಿ. ಯುನಾನಿ ಬಂಧುಗಳೇ, "ಆಗುವುದಿಲ್ಲ" ಎಂದಷ್ಟೇ ಹೇಳಿ ಕಳುಹಿಸಬೇಡಿ, ಎಲ್ಲಿ ಆಗುತ್ತದೆ ಎಂದು ಬರೆದು ಕೊಡಿ. ಔಷಧದಂಗಡಿಯ ಸಹೋದರರೇ, ಚೀಟಿಯಿಲ್ಲದೆ ಕಿಟ್ ಮಾರಬೇಡಿ. ಗಲ್ಫ್‌ನಲ್ಲಿರುವ ತಮ್ಮಂದಿರೇ, ಹೆಂಡತಿ ಫೋನಿನಲ್ಲಿ ಕೇಳಿದಾಗ "ಅಮ್ಮನನ್ನು ಕೇಳು" ಎನ್ನಬೇಡಿ. "ನಿನಗೇನು ಅನ್ನಿಸುತ್ತದೆ?" ಎಂದು ಕೇಳಿ.

ಆ ತಾಯಿ ಮೊನ್ನೆ ದವಾಖಾನೆಗೆ ಬಂದಿದ್ದಳು. ಮಗುವಿಗೆ ನೆಗಡಿ. ಔಷಧದ ಪೊಟ್ಟಣ ತೆಗೆದುಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಆಪಾ, ಸಹಿ ನನ್ನದೇ ಸಾಕು ಅಂತ ಆವತ್ತು ಯಾರೂ ಹೇಳಲಿಲ್ಲ."

ಹೌದು. ನಾನೂ ಹೇಳಿರಲಿಲ್ಲ. ಈಗ ನನ್ನ ಮೇಜಿನ ಮೇಲೆ ಆಸ್ಪತ್ರೆಗೆ ಕಳುಹಿಸುವ ಪತ್ರದ ಪುಸ್ತಕ ಇಟ್ಟುಕೊಂಡಿದ್ದೇನೆ. ಪ್ರತಿ ಹಾಳೆಯ ಕೆಳಗೆ ಕೈಯಲ್ಲೇ ಒಂದು ಸಾಲು ಬರೆಯುತ್ತೇನೆ: ಕಾನೂನಿನ ಪ್ರಕಾರ ಈಕೆಯ ಒಪ್ಪಿಗೆ ಸಾಕು.